ಧಾಬಳಿ ಉಟ್ಟು ಹುಟ್ಟಿದವರು

ಭಾನುವಾರ ಮೆಲ್ಬರ್ನ್‌ನಿಂದ ನಮ್ಮ ಹೊಲಕ್ಕೆ ಬರುವ ಕನ್ನಡದ ಬಳಗ ಅಲ್ಪಾಕಗಳನ್ನು ನೋಡಿ ಕೇಳುವ ಪ್ರಶ್ನೆಗಳು ನನಗೀಗ ಬಾಯಿಪಾಠ. ಹಾಲು ಕೊಡುತ್ತದೆಯೇ? ಅದರ ಮರಿಗೆ ಸಾಲುವಷ್ಟು. ಹೇರು ಹೊರುತ್ತದೆಯೇ? ಆ ಕೆಲಸ ಅದರ ದೊಡ್ಡಣ್ಣ ಲಾಮಾದು. ತಿನ್ನುತ್ತಾರೆಯೇ? ಇದನ್ನು ಮಾತ್ರ ದನಿ ತಗ್ಗಿಸಿ ಕೇಳುತ್ತಾರೆ. ಪೆರುವಿನಲ್ಲಿ ತಿನ್ನುತ್ತಾರೆ, ನಮ್ಮ ಮನೆಯಲ್ಲಿಲ್ಲ. ಹಾಗಾದರೆ ಮುದ್ದು ಮಾಡಲಿಕ್ಕೆ ಸಾಕಿದ್ದೀರಿ ಅನ್ನಿ, ಎಂದು ತಬ್ಬಿಕೊಳ್ಳಲು ಕೈ ಚಾಚುತ್ತಾರೆ. ಅದಕ್ಕೆ ನಾನು ಉತ್ತರ ಕೊಡಬೇಕಾಗಿಲ್ಲ. ಅಲ್ಪಾಕವೇ ಕತ್ತು ಹಿಂದಕ್ಕೆಳೆದು, ಕಿವಿ ಮಡಚಿ, ಮೂಗು ಮೇಲೆತ್ತಿ, ಎರಡು ಹೆಜ್ಜೆ ಸರಿದು ನಿಲ್ಲುತ್ತದೆ. ಈ ನಿಲುವನ್ನು ನಾನು ಧಾರವಾಡದ ನಮ್ಮ ಅಡುಗೆಮನೆಯ ಹೊಸ್ತಿಲಲ್ಲೇ ಎಷ್ಟೋ ಸಲ ನೋಡಿದ್ದೇನೆ. ಶಾಲೆಯಿಂದ ಬಂದ ಮೊಮ್ಮಕ್ಕಳು ಚೀಲ ಎಸೆದು ಹತ್ತಿರ ಓಡಿಹೋದರೆ, ಮಡಿಯಲ್ಲಿದ್ದ ಅಜ್ಜಿ ಥೇಟ್ ಹೀಗೇ ಸರಿದು ನಿಲ್ಲುತ್ತಿದ್ದಳು.

ಅಲ್ಪಾಕ ಮಡಿವಂತ ಪ್ರಾಣಿ. ಇದನ್ನು ತಿಳಿದುಕೊಂಡರೆ ಅದರ ಸಂಗಡ ಬಾಳುವೆ ಮಾಡಬಹುದು. ಗೊಂಬೆಯ ಮೋರೆ, ಹತ್ತಿಯ ಮೈ, ಕಾಡಿಗೆ ಹಚ್ಚಿದ ಕಣ್ಣು ನೋಡಿ ಮೋಸಹೋದವರಿಗೆ ಆ ಭಾಗ್ಯವಿಲ್ಲ.

ನಾವಿರುವುದು ವಿಕ್ಟೋರಿಯಾದ ಕೈನ್ಟನ್ ಊರಿನಾಚೆ, ಮೆಲ್ಬರ್ನ್‌ನಿಂದ ತಾಸಿನ ಮೇಲಿಷ್ಟು ದಾರಿ. ಆರೆಕರೆ ಹುಲ್ಲುಗಾವಲು. ಮೊದಲು ಬಂದದ್ದು ಕೋಳಿಗಳು, ಅವುಗಳ ಹಿಂದೆಯೇ ನರಿ. ಬೇಟೆಯ ಶೋಕಿಗೆಂದು ಇಂಗ್ಲಿಷರು ಈ ನಾಡಿಗೆ ತಂದು ಬಿಟ್ಟ ಪ್ರಾಣಿ ಅದು. ಅವರ ಬೇಟೆ ಮುಗಿಯಿತು, ಅದರದು ಇನ್ನೂ ನಡೆದಿದೆ. ಒಂದು ಬೆಳಗ್ಗೆ ಗೂಡಿನ ಸುತ್ತ ಬರೀ ಪುಕ್ಕ ಬಿದ್ದಿದ್ದನ್ನು ಕಂಡ ಪಕ್ಕದ ಹೊಲದ ಮುದುಕ, ‘ಬೀಜ ಒಡೆಸಿದ ಎರಡು ಗಂಡು ಅಲ್ಪಾಕ ತಂದು ಬಿಡಿ’ ಎಂದ. ಇಲ್ಲಿ ಕುರಿಮರಿ ಕಾಯಲಿಕ್ಕೂ ಅವನ್ನು ಬಿಡುವ ವಾಡಿಕೆಯುಂಟು. ಒಂದೇ ತಂದರೆ ಮಂದೆಯಿಲ್ಲದ ಕೊರಗಿಗೆ ಅದೇ ಸೊರಗುತ್ತದೆ, ಆದ್ದರಿಂದ ಎರಡು. ಹೀಗೆ ಕರಿಯದು ವಕೀಲರೆಂದೂ ಕಂದು ಬಣ್ಣದ್ದು ಗುಮಾಸ್ತನೆಂದೂ ನಾಮಕರಣಗೊಂಡು ಕೋಳಿಯ ಆವರಣಕ್ಕೆ ಕಾವಲಾದವು. ಆಮೇಲೆ ನಮ್ಮ ಯಜಮಾನರಿಗೆ ಹುರುಪು ಹತ್ತಿ, ಬೇಲಿಯಾಚೆ ಮೂರು ಹೆಣ್ಣುಗಳೂ ಬಂದವು. ಅವುಗಳ ಹಿರಿಯಳು ಕಾಶೀಬಾಯಿ. ಅಪ್ಪಟ ಬಿಳಿ.

ವಕೀಲರಿಗೆ ಕೋಳಿಗಳ ಮೇಲೆ ಮಮತೆಯಿದೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಅವರ ಆಕ್ಷೇಪಣೆ ಅಪರಿಚಿತರ ಪ್ರವೇಶಕ್ಕೆ. ನರಿ ಬೇಲಿಯ ಹತ್ತಿರ ಸುಳಿದರೆ ಮೊದಲು ಕತ್ತು ನೆಟ್ಟಗಾಗುತ್ತದೆ, ಆಮೇಲೆ ಕೀಚಲು ಕೂಗು, ಆಮೇಲೆ ಅಟ್ಟಿಸಿಕೊಂಡು ಹೋಗಿ ಮುಂಗಾಲಿನಲ್ಲಿ ತುಳಿಯುವ ಪ್ರಯತ್ನ. ನರಿಗೆ ನಡೆಯುವ ಈ ಮರ್ಯಾದೆ ಮೀಟರ್ ಓದಲು ಬರುವವನಿಗೂ ನಡೆಯುತ್ತದೆ. ಆದರೂ ಕತ್ತಲಾದರೆ ಕೋಳಿಗಳನ್ನು ಗೂಡಿಗೆ ತುಂಬಿ ಅಗುಳಿ ಹಾಕದೆ ನಾನು ಮಲಗುವುದಿಲ್ಲ. ವಕೀಲರನ್ನು ನಂಬಿ ಮನೆ ಬಾಗಿಲು ತೆರೆದಿಡುವ ಸಂಪ್ರದಾಯ ನಮ್ಮ ವಂಶದಲ್ಲಿಲ್ಲ.

ಬೆಳಗಿನ ಮೊದಲ ಕೆಲಸ ಹಿಕ್ಕೆ ಬಳಿಯುವುದು. ಇದನ್ನು ಕೇಳಿ ಮೂಗು ಮುರಿಯುವವರು ಅಲ್ಪಾಕದ ಶೌಚಾಚಾರವನ್ನು ಕಂಡಿಲ್ಲ. ಮೇಯುವುದು ಎಲ್ಲೆಂದರಲ್ಲಿ, ಆದರೆ ಹೊರಕಡೆಗೆ ಮಾತ್ರ ಇಡೀ ಮಂದೆಗೆ ಒಂದೇ ಜಾಗ. ಆ ಜಾಗವನ್ನು ಅವೇ ಗೊತ್ತುಮಾಡಿಕೊಳ್ಳುತ್ತವೆ. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಕಾಯುತ್ತಾರೆ. ಆ ಜಾಗದ ಸುತ್ತಿನ ಹುಲ್ಲಿಗೆ ಬಾಯಿ ಹಾಕುವುದಿಲ್ಲ. ಹಿಕ್ಕೆಯೋ ಆಡಿನದಕ್ಕಿಂತ ತುಸು ದಪ್ಪ, ಒಣಗಿದರೆ ವಾಸನೆಯಿಲ್ಲ. ಕೊಳೆಸುವ ಗೋಜಿಲ್ಲದೆ ನೇರವಾಗಿ ಬದನೆ ಬುಡಕ್ಕೆ ಹಾಕಬಹುದು. ಗಿಡ ಸುಡುವುದಿಲ್ಲ. ನಾನು ಸಲಿಕೆಯಲ್ಲಿ ತುಂಬುತ್ತಿದ್ದರೆ ಗುಮಾಸ್ತ ಹತ್ತಿರ ನಿಂತು ಸಣ್ಣಗೆ ಗುಂಯ್‌ಗುಡುತ್ತಾನೆ. ಈ ಪ್ರಾಣಿಯ ದಿನಬಳಕೆಯ ಮಾತೇ ಅದು. ಸಂತೋಷಕ್ಕೂ ಅದೇ, ಕಳವಳಕ್ಕೂ ಅದೇ. ಸಲಿಕೆಯ ಬಗ್ಗೆ ಅವನ ಅಭಿಪ್ರಾಯ ಯಾವುದೆಂಬುದು ಈವರೆಗೆ ಇತ್ಯರ್ಥವಾಗಿಲ್ಲ.

ಇಷ್ಟು ಶುಚಿಯಾದ ಏರ್ಪಾಡಿಗೆ ಮೈಲಿಗೆ ತಗಲಿಸಲು ಕೋಳಿಗಳು ಇವೆಯಲ್ಲ. ನಾನು ಗುಡ್ಡೆ ಮಾಡಿದ ಹಿಕ್ಕೆಯನ್ನು ಅವು ಕಾಲಿನಲ್ಲಿ ಕೆದರಿ, ಹುಳ ಹೆಕ್ಕಿ, ನಾಲ್ಕು ದಿಕ್ಕಿಗೆ ಹಾರಿಸಿ, ಅಂಗಳದ ಮೆಟ್ಟಿಲ ಮೇಲೆ ತಮ್ಮ ಪಾಲಿನದನ್ನೂ ಹಾಕಿ ಹೋಗುತ್ತವೆ. ಕೋಳಿಗೆ ಒಳಗು ಹೊರಗು ಎಂಬುದಿಲ್ಲ. ನೀರಿನ ಬೋಗುಣಿಯಲ್ಲೇ ನಿಲ್ಲುತ್ತದೆ, ಆ ನೀರನ್ನೇ ಕುಡಿಯುತ್ತದೆ, ಅದರಲ್ಲೇ ಎಲ್ಲವನ್ನೂ ಮುಗಿಸುತ್ತದೆ. ಮಧ್ಯಾಹ್ನ ವಕೀಲರು ಕಾಲು ನಾಲ್ಕನ್ನೂ ಹೊಟ್ಟೆಯಡಿ ಮಡಚಿ ಬಿಸಿಲಿಗೆ ಕೂತು ಮೆಲುಕು ಹಾಕುವಾಗ ಒಂದು ಹೇಂಟೆ ಅವರ ಬೆನ್ನ ಮೇಲೆ ಹತ್ತಿ ಕೂರುತ್ತದೆ. ಅವರು ಕಣ್ಣು ಅರ್ಧ ಮುಚ್ಚಿ ಸುಮ್ಮನಿರುತ್ತಾರೆ. ಬೇಲಿಯಾಚೆಯಿಂದ ಕಾಶೀಬಾಯಿ ಇದನ್ನು ನೋಡುತ್ತಾಳೆ. ಅವಳ ಕಡೆಗೆ ನುಸುಳಿದ ಕೋಳಿ ಮಾತ್ರ ಕೊಕ್ಕೊಕ್ಕೋ ಎನ್ನುತ್ತ ವಾಪಸು ಹಾರಿ ಬರುತ್ತದೆ.

ಮಡಿಯ ಈ ವಾದವೆಲ್ಲ ಸರಿ. ಅಡ್ಡಿ ಬರುವುದು ಎಂಜಲಿನ ವಿಷಯದಲ್ಲಿ. ಇಷ್ಟು ಆಚಾರವಂತ ಪ್ರಾಣಿ ತನ್ನ ಆಯುಧವಾಗಿ ಆರಿಸಿಕೊಂಡದ್ದು ಉಗುಳನ್ನು. ಮೊದಲ ಎಚ್ಚರಿಕೆ ಬರೀ ಗಾಳಿ, ಎರಡನೆಯದು ಬಾಯೊಳಗಿದ್ದ ಹುಲ್ಲು. ಸಿಟ್ಟು ನಿಜವಾಗಿ ಏರಿದರೆ ಬರುವುದು ಹೊಟ್ಟೆಯಿಂದ. ಹಸಿರು, ಹುಳಿ, ಸ್ನಾನ ಮಾಡಿದರೂ ಸಂಜೆತನಕ ಮೂಗಿನಲ್ಲೇ ಇರುವ ನಾತ. ಬಹುಮಟ್ಟಿಗೆ ಇದೆಲ್ಲ ಅವುಗಳ ಒಳಜಗಳ, ಮೇವಿನ ತೊಟ್ಟಿಯ ವ್ಯಾಜ್ಯ. ನಡುವೆ ಸಿಕ್ಕವರದು ಪ್ರಾರಬ್ಧ. ನೋಡಬೇಕಾದದ್ದು ಉಗುಳಿದ ಮೇಲಿನ ಅದರ ಮೋರೆಯನ್ನು. ತನ್ನ ಬಾಯಿಗೆ ಬಂದದ್ದರ ರುಚಿ ತನಗೇ ತಡೆಯದೆ, ಕೆಳತುಟಿ ಜೋತುಬಿಟ್ಟು, ಬಾಯಿ ತೆರೆದುಕೊಂಡು ಬಹಳ ಹೊತ್ತು ನಿಂತೇ ಇರುತ್ತದೆ. ಪ್ರಾಯಶ್ಚಿತ್ತ ಅಲ್ಲಿಗಲ್ಲಿಗೇ ಮುಗಿಯುತ್ತದೆ.

ಆದರೆ ಈ ಎಂಜಲಿನಿಂದ ಒಂದು ಘನಕಾರ್ಯವೂ ಆಗುತ್ತದೆ. ಅಲ್ಪಾಕದ ಹೆಣ್ಣಿಗೆ ಬೆದೆಯ ತಿಥಿ ನಕ್ಷತ್ರಗಳಿಲ್ಲ, ಗಂಡಿನ ಸಂಗವಾದ ಮೇಲೆಯೇ ಅಂಡ ಬಿಡುಗಡೆಯಾಗುತ್ತದೆ. ಗರ್ಭ ನಿಂತಿತೋ ಇಲ್ಲವೋ ತಿಳಿಯಲು ಒಂದೆರಡು ವಾರ ಬಿಟ್ಟು ಅದೇ ವರನನ್ನು ಮತ್ತೆ ಕರೆತರುತ್ತಾರೆ. ಕಾಶೀಬಾಯಿಯ ವರ ಬಂದದ್ದು ಪರವೂರಿನಿಂದ, ಟ್ರೇಲರಿನಲ್ಲಿ, ಬೆನ್ನುಣ್ಣೆ ಬಾಚಿಸಿಕೊಂಡು. ಮೊದಲ ಭೇಟಿಯಲ್ಲಿ ಅವಳು ಸುಮ್ಮನೆ ನೆಲಕ್ಕೆ ಕೂತಿದ್ದಳು, ಅದು ಒಪ್ಪಿಗೆ. ಎರಡನೆಯ ಭೇಟಿಗೆ ಅವನು ಗುಟುರು ಹಾಕುತ್ತ ಗೇಟು ದಾಟುವುದೇ ತಡ, ಅವನ ಹಣೆಯಿಂದ ಗಂಟಲತನಕ ಹಸಿರಾಯಿತು. ಹಿಡಿದುಕೊಂಡಿದ್ದ ಯಜಮಾನರ ಕನ್ನಡಕಕ್ಕೂ ಪ್ರಸಾದ ಸಿಕ್ಕಿತು. ಟ್ರೇಲರಿನವನು ಕೈ ಕುಲುಕಿ ‘ಅಭಿನಂದನೆಗಳು’ ಎಂದ.

ಹನ್ನೊಂದು ತಿಂಗಳ ಮೇಲೆ ಬಸುರು ಹೊತ್ತು ಹೆತ್ತದ್ದೂ ಪದ್ಧತಿ ಪ್ರಕಾರವೇ. ಇವು ಬಹುಪಾಲು ಬೆಳಗಿನಿಂದ ಮಧ್ಯಾಹ್ನದೊಳಗೆ ಹೆರುತ್ತವೆ. ಆಂಡೀಸ್ ಪರ್ವತದ ರಾತ್ರಿ ಹೆಪ್ಪುಗಟ್ಟಿಸುವಂಥದು, ಮರಿ ಬಿಸಿಲಿರುವಾಗಲೇ ಒಣಗಿ ಎದ್ದು ಹಾಲು ಕುಡಿಯಬೇಕು. ಆ ಕಟ್ಟಳೆಯನ್ನು ಇವು ಕೈನ್ಟನ್ನಿನಲ್ಲೂ ಬಿಟ್ಟಿಲ್ಲ. ಅಷ್ಟೆತ್ತರದಿಂದ ಜಾರಿಬಿದ್ದ ಆರೇಳು ಕಿಲೋದ ಮರಿಯನ್ನು ಹಸುವಾಗಿದ್ದರೆ ನೆಕ್ಕಿ ಚೊಕ್ಕ ಮಾಡುತ್ತಿತ್ತು. ಅಲ್ಪಾಕದ ನಾಲಿಗೆ ಹಾಗೆ ಹೊರಗೆ ಚಾಚುವುದಿಲ್ಲ. ಕಾಶೀಬಾಯಿ ಮೂಗು ತಾಗಿಸಿಯೂ ತಾಗಿಸದಂತೆ ಸುತ್ತು ಹಾಕುತ್ತ, ಗುಂಯ್‌ಗುಡುತ್ತ, ಮರಿ ತಾನೇ ಒಣಗುವವರೆಗೆ ಕಾದಳು. ಹೆತ್ತ ಮಗುವನ್ನೂ ದೂರದಿಂದ ಮಾತಾಡಿಸುವ ಮಡಿ!

ಹೆರಿಗೆಯ ಸುದ್ದಿ ಕೇಳಿ ಧಾರವಾಡದಿಂದ ಅವ್ವ ಬಂದಳು. ತನ್ನ ಮಗಳ ಬಾಣಂತನಕ್ಕೆ ಬಂದಂತೆಯೇ ಬಂದಳು, ಅಂಟಿನುಂಡೆಯ ಡಬ್ಬಿಯನ್ನು ಮಾತ್ರ ಕಸ್ಟಮ್ಸ್‌ನವರಿಗೆ ತೆರೆದು ತೋರಿಸಬೇಕಾಯಿತು. ಕಾಶೀಬಾಯಿಯನ್ನು ಬೇಲಿಯಿಂದ ನೋಡಿ, ‘ಇದೇನವಾ, ಒಂಟಿ ಕುರೀ ಕೂಡ ಬೀಗತನ ಮಾಡಿಧಂಗ ಅದಲ್ಲ!’ ಎಂದಳು. ಅಲ್ಪಾಕ ಒಂಟೆಯ ಕುಲದ್ದೇ, ಬೀಗತನ ಬೇಕಾಗಿಲ್ಲ.

ಅವ್ವ ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವಳಲ್ಲ. ಮೊದಲ ವಾರ ಕೋಳಿಗೂಡಿನ ದಿಕ್ಕಿಗೇ ಹೋಗಲಿಲ್ಲ. ಆಮೇಲೆ ನಾನು ಮೊಟ್ಟೆಯನ್ನು ಸರಿಯಾಗಿ ಹುಡುಕುವುದಿಲ್ಲವೆಂಬ ಅನುಮಾನ ಅವಳಿಗೆ ಬಂತು. ಒಂದು ದಿನ ನೋಡಿದರೆ ಹಳೆಯ ಸೌಟಿನ ಹಿಡಿಯಿಂದ ಮೊಟ್ಟೆಗಳನ್ನು ಒಂದೊಂದೇ ಉರುಳಿಸಿ ಬುಟ್ಟಿಗೆ ಕೆಡಹುತ್ತಿದ್ದಾಳೆ. ‘ನಾ ಏನ ಮುಟ್ಟಿಲ್ಲ’ ಎಂದಳು. ಅಲ್ಲಿಂದ ಮುಂದೆ ಮೊಟ್ಟೆಯ ಖಾತೆ ಅವಳದೇ, ಕ್ಯಾಲೆಂಡರಿನ ಹಿಂಬದಿಯಲ್ಲಿ.

ನಮ್ಮಲ್ಲಿರುವ ಕರಿ ಕೋಳಿಗಳು ಆಸ್ಟ್ರಲಾರ್ಪ್ ತಳಿಯವು, ಈ ದೇಶದ ಹೆಮ್ಮೆ. 1922-23ರ ಪಂದ್ಯವೊಂದರಲ್ಲಿ ಆರು ಹೇಂಟೆಗಳು 365 ದಿನದಲ್ಲಿ 1857 ಮೊಟ್ಟೆಯಿಟ್ಟು ಜಗತ್ತಿನ ದಾಖಲೆ ಮಾಡಿದ್ದವು. 1857 ಎಂದರೆ ನಮಗೆ ನೆನಪಾಗುವುದು ಬೇರೆ ದಂಗೆ, ಇರಲಿ. ನಮ್ಮ ಕರಿಯಮ್ಮಗಳು ಆ ಪೂರ್ವಿಕರ ಕೀರ್ತಿಯ ಬಡ್ಡಿಯಲ್ಲೇ ಬದುಕಿವೆ. ಜೂನ್ ಬಂದು ಹಗಲು ಒಂಬತ್ತೂವರೆ ತಾಸಿಗೆ ಇಳಿದರೆ ಕೆಲಸ ಬಂದ್. ಹದಿನಾಲ್ಕು ತಾಸು ಬೆಳಕಿದ್ದರೆ ಮಾತ್ರ ಅವಕ್ಕೆ ಉಮೇದು. ಬೆಳಕು ಬಂದ ಮೇಲೆ ಕಾವಿಗೆ ಕೂರುವ ಹಟ, ಹುಂಜವೇ ಇಲ್ಲದ ಗೂಡಿನಲ್ಲಿ. ಕೆಳಗೆ ಮೊಟ್ಟೆಯಿರಲಿ, ಯಜಮಾನರ ಗಾಲ್ಫ್ ಚೆಂಡಿರಲಿ, ಪುಕ್ಕ ಕೆದರಿಕೊಂಡು ಕೂತರೆ ಎಬ್ಬಿಸಹೋದವರ ಮಣಿಕಟ್ಟಿಗೆ ಕುಟುಕು. ಅವ್ವ ಇದಾವುದಕ್ಕೂ ಸೊಪ್ಪು ಹಾಕಲಿಲ್ಲ. ‘ಆ ತುದೀದರ ಜುಟ್ಟು ಬಿಳಚಿಕೊಂಡದ ನೋಡು. ಅದು ಬರೇ ತಿಂತದ’ ಎಂದು ಪತ್ತೆಹಚ್ಚಿದಳು. ಮೊಟ್ಟೆಯಿಡುವ ಕೋಳಿಯ ಜುಟ್ಟು ಕೆಂಪಗಿರುತ್ತದೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೂತು ತಿನ್ನುವವರನ್ನು ಗುರುತಿಸುವುದು ಅವಿಭಕ್ತ ಕುಟುಂಬದಲ್ಲಿ ಕಲಿತ ವಿದ್ಯೆ.

ನವೆಂಬರಿನಲ್ಲಿ ಉಣ್ಣೆ ಕತ್ತರಿಸುವವನು ಬಂದ. ಬೇಸಿಗೆಗೆ ಮೊದಲು ಇದಾಗದಿದ್ದರೆ ಪ್ರಾಣಿಗಳು ಸೆಕೆಗೆ ಬೀಳುತ್ತವೆ. ಕುರಿಯನ್ನು ಕೂರಿಸಿ ಕತ್ತರಿಸುವಂತೆ ಇದನ್ನು ಕತ್ತರಿಸಲಾಗದು. ಚಾಪೆಯ ಮೇಲೆ ಉರುಳಿಸಿ, ಮುಂಗಾಲು ಹಿಂಗಾಲುಗಳನ್ನು ಹಗ್ಗದಿಂದ ಎರಡು ದಿಕ್ಕಿಗೆ ಎಳೆದು ಕಟ್ಟುತ್ತಾರೆ, ಒಬ್ಬರು ತಲೆ ಹಿಡಿಯುತ್ತಾರೆ. ಎಂಜಲಿನ ಭಯಕ್ಕೆ ಮೂತಿಗೆ ಕಾಲುಚೀಲ. ನಮ್ಮಲ್ಲಿ ಯಜಮಾನರ ಹಳೆಯ ಆಫೀಸಿನ ಕಾಲುಚೀಲಗಳು ಇದಕ್ಕೇ ಮೀಸಲು. ಬೇಲಿಯ ಆಚೆ ನಿಂತ ಅವ್ವ, ಕಾಶೀಬಾಯಿಯ ಮೋರೆಗೆ ಅಳಿಯನ ಕಾಲುಚೀಲ ಏರಿದ್ದನ್ನು ಕಂಡು ಕಣ್ಣು ಮುಚ್ಚಿಕೊಂಡಳು. ಕಾಲುಗಂಟೆಯೊಳಗೆ ಬೆನ್ನಿನ ಉಣ್ಣೆ ಒಂದು ಚೀಲ, ಕತ್ತಿನದು ಒಂದು, ಕಾಲಿನದು ಒಂದು. ಒಳಗಿನಿಂದ ಎದ್ದದ್ದು ಕಡ್ಡಿಯಂಥ ಕತ್ತಿನ ಬೇರೆ ಯಾರೋ. ಮಂದೆಯವರೇ ಮೂಸಿ ನೋಡಿ ಗುರುತು ಹಚ್ಚಬೇಕಾಯಿತು.

ಉಣ್ಣೆಯ ಚೀಲ ನೋಡಿ ಅವ್ವನಿಗೆ ಅಜ್ಜನ ಕೋಟು ನೆನಪಾಯಿತು. ಧಾರವಾಡದ ಕೋರ್ಟಿಗೆ ಅಜ್ಜ ಹೋಗುತ್ತಿದ್ದುದು ಧೋತರ, ರುಮಾಲು ಮತ್ತು ಮಿರಮಿರ ಮಿಂಚುವ ಕರಿ ಅಲ್ಪಾಕದ ಕೋಟಿನಲ್ಲಿ. ಆ ಕಾಲದ ವಕೀಲರು, ಹೆಡ್‌ಮಾಸ್ತರರ ಮೈಮೇಲೆಲ್ಲ ಅದೇ. 1830ರ ದಶಕದಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಟೈಟಸ್ ಸಾಲ್ಟ್ ಯಾರಿಗೂ ಬೇಡವಾಗಿದ್ದ ಅಲ್ಪಾಕದ ಉಣ್ಣೆಗೆ ಹತ್ತಿಯ ಹಾಸು ಕೊಟ್ಟು ನೇಯಿಸಿ ಸಿರಿವಂತನಾದ. ಆ ಜಾತಿಯ ಬಟ್ಟೆಯೇ ಹಡಗು ಹತ್ತಿ ನಮ್ಮ ಸೆಕೆಯ ದೇಶಕ್ಕೂ ಬಂತು. ಪ್ರಾಣಿಗಳನ್ನೇ ಹಡಗು ಹತ್ತಿಸಿದವನು ಚಾರ್ಲ್ಸ್ ಲೆಜರ್. ಪೆರುವಿನ ಕಣ್ಣು ತಪ್ಪಿಸಿ ಇನ್ನೂರಕ್ಕೂ ಹೆಚ್ಚು ಅಲ್ಪಾಕ, ಲಾಮಾ, ಬೆರಕೆಗಳನ್ನು 1858ರಲ್ಲಿ ಸಿಡ್ನಿಗೆ ಮುಟ್ಟಿಸಿದ. ಸಾಕಣೆ ಕುದುರಲಿಲ್ಲ, ಸರ್ಕಾರ ಕೈ ತೊಳೆದುಕೊಂಡಿತು. ಅವನೇ ಮುಂದೆ ಕ್ವಿನೈನಿನ ಸಿಂಕೋನ ಬೀಜ ಕಳಿಸಿ ಜಾವಾದ ಡಚ್ಚರನ್ನು ಉದ್ಧಾರ ಮಾಡಿದ. ಇಲ್ಲಿ ಅಲ್ಪಾಕ ಮತ್ತೆ ಕಾಲೂರಿದ್ದು 1980ರ ದಶಕದ ಕೊನೆಗೆ.

ಅವ್ವನಿಗೆ ಲೆಜರನ ಕತೆ ಬೇಡವಾಗಿತ್ತು. ಅವಳ ಯೋಚನೆ ಬೇರೆ ದಾರಿ ಹಿಡಿದಿತ್ತು. ಅಜ್ಜಿಯ ಮಡಿ ಬಟ್ಟೆ ಧಾಬಳಿ, ಉಣ್ಣೆಯದು. ಹತ್ತಿಯ ಸೀರೆಗೆ ಯಾರಾದರೂ ಸೋಕಿದರೆ ಮತ್ತೆ ನೆನೆಸಬೇಕು, ಉಣ್ಣೆಗೆ ಆ ದೋಷವಿಲ್ಲ. ‘ಅಂದ್ರ ಇವು ಧಾಬಳಿ ಉಟ್ಟೇ ಹುಟ್ಯಾವ’ ಎಂದಳು. ಬೆಂಡಿಗೋದಲ್ಲಿ ಜುಲೈಗೊಮ್ಮೆ ನೆರೆಯುವ ಕುರಿ ಮತ್ತು ಉಣ್ಣೆಯ ಮೇಳದಲ್ಲಿ ಕೊಂಡು ನಾನು ಮೂಲೆಗಿಟ್ಟಿದ್ದ ಕೈತಕಲಿಯನ್ನು ಹುಡುಕಿ ತೆಗೆದಳು. ಶಾಲೆಯಲ್ಲಿ ಹತ್ತಿ ನೂತ ಕೈ ಅದು. ಕುರಿಯ ಉಣ್ಣೆಯ ಜಿಡ್ಡು ಇದಕ್ಕಿಲ್ಲದ್ದರಿಂದ ಎಳೆ ಜಾರಿ ಜಾರಿ ಹರಿಯಿತು. ಬೈದುಕೊಂಡಳು, ಬೆರಳಿಗೆ ನೀರು ಹಚ್ಚಿಕೊಂಡಳು, ಹೆಬ್ಬೆರಳು ತೋರುಬೆರಳ ನಡುವೆ ತಿರುಪು ಬಿಗಿಮಾಡಿ ತಕಲಿ ಬಿಟ್ಟಳು. ಸಂಜೆಯೊಳಗೆ ಒಂದು ಬಿಳಿಯ ಎಳೆ ನಿಂತಿತು. ಧಾಬಳಿಗಾಗುವಷ್ಟು ನೂಲಲು ಅವಳ ವೀಸಾ ಸಾಲದೆಂದು ಯಜಮಾನರು ಲೆಕ್ಕ ಹಾಕಿ ಹೇಳಿದರು. ಜಪದ ಗೋಮುಖಿಗಾದರೂ ಆಗುತ್ತದೆಂದು ಅವಳು ಮುಂದುವರಿಸಿದಳು.

ಕಾಶೀಬಾಯಿಯ ಚೀಲ ಮುಗಿಯುತ್ತ ಬಂದಾಗ ನಾನು ವಕೀಲರದನ್ನು ತಂದು ಮುಂದಿಟ್ಟೆ. ಐದರಲ್ಲೂ ನಯವಾದದ್ದು ಅದೇ. ಕಸ ಕಡ್ಡಿ ತೆಗೆದು ಸೋಸಿ ಇಟ್ಟಿದ್ದೆ. ಅವ್ವ ಕೈ ಹಿಂದಕ್ಕೆಳೆದುಕೊಂಡಳು, ಕತ್ತನ್ನೂ.

‘ಆ ಕರೀದಾ? ಬ್ಯಾಡವಾ. ದಿನಾ ಕೋಳಿ ಹೊತಗೊಂಡು ಕೂಡ್ತದ. ನಿಮ್ಮ ಅಜ್ಜನ ಕೋಟೂ ನಡಮನಿ ದಾಟಿ ಒಳಗ ಬಂದಿದ್ದಿಲ್ಲ. ಹೊರಗ ಗೂಟಕ್ಕ ಹಾಕು.’