ಸೋತವರ ಶಟರ್

ಚುನಾವಣೆಯಲ್ಲಿ ಸೋಲುವುದಕ್ಕೂ ತಾಲೀಮು ಬೇಕು. ಅದು ಸಣ್ಣ ಅಂಗಡಿಕಾರರಿಗೆ ಇದ್ದಷ್ಟು ಬೇರೆಯವರಿಗಿಲ್ಲ. ‘ನಾಳೆ ಕೊಡ್ತೀನ್ರಿ’ ಎಂದು ಉದ್ದರಿ ಒಯ್ದವರ ದಾರಿ ಕಾದು ಕಾದು ಪಳಗಿದ ಜೀವ ಅದು. ‘ಈ ಸಲ ನಿಮಗೇ ಹಾಕೋದ್ರಿ’ ಎಂದ ಮತದಾರ ಕೈಕೊಟ್ಟರೆ ಎದೆ ಒಡೆದುಕೊಳ್ಳುವುದಿಲ್ಲ. ವಹಿಯಲ್ಲಿ ಇನ್ನೊಂದು ಸಾಲು ಬರೆದುಕೊಳ್ಳುತ್ತದೆ.

ಈ ಪಂಥದ ಜಗದ್ಗುರು ಕೆ. ಪದ್ಮರಾಜನ್. ಕಾವೇರಿ ಜಗಳದ ಸುದ್ದಿಯಲ್ಲಿ ನಾವೆಲ್ಲ ಹೆಸರು ಕೇಳಿದ ಮೆಟ್ಟೂರಿನವರು, ಟೈರ್ ರಿಪೇರಿ ಅಂಗಡಿಯವರು. ಚುನಾವಣೆಗೆ ನಿಲ್ಲುವುದು 1988ರಲ್ಲಿ ಶುರುವಾದ ಹವ್ಯಾಸ. ನರಸಿಂಹ ರಾವ್, ವಾಜಪೇಯಿ, ಮನಮೋಹನ್ ಸಿಂಗ್, ಎದುರಾಳಿ ದೊಡ್ಡವರಾದಷ್ಟೂ ಇವರಿಗೆ ಹುರುಪು. 2024ರಲ್ಲಿ ಧರ್ಮಪುರಿಯಿಂದ ಲೋಕಸಭೆಗೆ ನಿಂತಾಗ ಪತ್ರಿಕೆಗಳು ಹಿಂದಿನ ಸೋಲುಗಳನ್ನು ಎಣಿಸಿ 238 ಎಂದವು. 2011ರಲ್ಲಿ ಮೆಟ್ಟೂರು ವಿಧಾನಸಭೆಗೆ ಮಾತ್ರ 6,273 ಮತ ಬಿದ್ದುಬಿಟ್ಟವು. ಅಷ್ಟು ಮತ ಕಂಡು ಅವರೇ ಗಾಬರಿಯಾಗಿರಬೇಕು.

ಕೊಹಿನೂರು ಎಂಬ ಊರಿನ ಪಂಚರ್ ಅಂಗಡಿಯಲ್ಲಿ ಕೂತು ನಾನು ಈ ಕಥೆ ಹೇಳಿದೆ. ಅಂಗಡಿಯ ಕಾಕಾ ಟ್ಯೂಬನ್ನು ಬೋಗುಣಿಯ ನೀರಲ್ಲಿ ಅದ್ದಿ, ಗುಳ್ಳೆ ಎದ್ದ ಕಡೆ ಹೆಬ್ಬೆರಳೊತ್ತಿ, ಒರೆಸಿ, ಉಜ್ಜಿ, ಸಲ್ಯೂಷನ್ ಹಚ್ಚಿ, ಅದು ಆರಲಿ ಎಂದು ಊದುತ್ತಿದ್ದರು. ಪ್ರಧಾನಿಗಳ ಹೆಸರಿಗೆಲ್ಲ ತಲೆಯೆತ್ತದವರು ಕೊನೆಗೆ ಒಂದೇ ಪ್ರಶ್ನೆ ಕೇಳಿದರು:

“ಅಲ್ರಿ, ಅಷ್ಟೊತ್ತನಕ ಅಂಗಡಿ ಯಾರ್ ನೋಡ್ತಾರ್ರಿ?”

ನಮ್ಮ ನೆಲಕ್ಕೆ ಹೀಗೆ ಕಸುಬು ಬಿಡದವರು ಹೊಸಬರಲ್ಲ. ವಚನಕಾರರಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ ಕಸುಬನ್ನು ಹೆಸರಿನ ಮುಂದಿಟ್ಟುಕೊಂಡೇ ಮಾತಾಡಿದರು. ಆದರೆ ಅವರಾರೂ ಠೇವಣಿ ಕಟ್ಟಬೇಕಿರಲಿಲ್ಲ. ಈಗ ವಿಧಾನಸಭೆಗೆ 10,000, ಲೋಕಸಭೆಗೆ 25,000 ರೂಪಾಯಿ. ಸಿಂಧುವಾದ ಮತಗಳಲ್ಲಿ ಆರನೇ ಒಂದು ಪಾಲು ದಾಟದಿದ್ದರೆ ಅದು ಸರಕಾರಕ್ಕೆ ಅರ್ಪಿತ. ಠೇವಣಿ ಏರಿದ್ದರಲ್ಲಿ ನಮ್ಮ ರಾಜ್ಯದ ಕೈವಾಡವೂ ಇದೆ. 1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರವೊಂದಕ್ಕೇ 456 ಮಂದಿ ನಿಂತು ಚುನಾವಣಾ ಆಯೋಗದ ಬೆವರಿಳಿಸಿದ್ದರು. ಅಲ್ಲಿತನಕ 500 ರೂಪಾಯಿ ಇದ್ದ ಲೋಕಸಭೆಯ ಠೇವಣಿ ಅದೇ ವರ್ಷ 10,000ಕ್ಕೆ ಜಿಗಿಯಿತು. ಪಕ್ಷೇತರನಿಗೆ ಹತ್ತು ಸೂಚಕರೂ ಬೇಕಾದರು. ಹತ್ತು ಮಂದಿ ಸಹಿ ಮಾಡಿದ ಮೇಲೂ ಊರಿನ ಬೂತಿನಲ್ಲಿ ಏಳೇ ಮತ ಬಿದ್ದರೆ, ಉಳಿದ ಮೂವರು ಯಾರೆಂದು ಯೋಚಿಸುತ್ತ ಐದು ವರ್ಷ ಕಳೆಯಬಹುದು.

ಕಟ್ಟಿದ ದುಡ್ಡಿಗೆ ಮೋಸವೇನೂ ಇಲ್ಲವೆನ್ನಿ. ಮತಯಂತ್ರದಲ್ಲಿ ಪ್ರಧಾನಿಯ ಹೆಸರಿಗೂ ಟೈರ್ ಅಂಗಡಿಯವರ ಹೆಸರಿಗೂ ಅಕ್ಷರದ ಗಾತ್ರ ಒಂದೇ. ಪಕ್ಷೇತರರ ಸಾಲು ಕೊನೆಗೆ ಬರುತ್ತದೆ, 2013ರಿಂದ ಕೆಳಮನೆಯಲ್ಲಿ ನೋಟಾ ಬಿಡಾರ ಹೂಡಿದೆ. ಕೆಲವು ಕಡೆ ಆ ಯಾರೂ ಅಲ್ಲದವನೇ ಪಕ್ಷೇತರನನ್ನು ಸೋಲಿಸುತ್ತಾನೆ, ಆ ಮಾತು ಬೇರೆ.

ಫಲಿತಾಂಶದ ಮರುದಿನ ನೋಡಬೇಕು. ಗೆದ್ದವರು ಬೆಂಗಳೂರಿನ ಬಸ್ಸಲ್ಲ, ವಿಮಾನವೇ ಹತ್ತಿರುತ್ತಾರೆ. ಸೋತ ಅಂಗಡಿಕಾರ ಬೆಳಿಗ್ಗೆ ಶಟರ್ ಎತ್ತಿ, ಕಸ ಗುಡಿಸಿ, ಪಂಪು ಹೊರಗಿಟ್ಟು ಕೂತಿರುತ್ತಾನೆ. ಮತದಾರ ದಡ್ಡನಲ್ಲ. ಇವರನ್ನೂ ವಿಧಾನಸೌಧಕ್ಕೆ ಅಟ್ಟಿದರೆ, ನಡುದಾರಿಯಲ್ಲಿ ಗಾಲಿಯ ಗಾಳಿ ಹೋದಾಗ ಯಾರನ್ನು ಹುಡುಕುವುದು?