ಟಕ್ ಅಂದ ಕಾರು, ಹದಿನೈದು ಸಾವಿರದ ಚೀಟಿ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ ಇದೆ. ಬೆಳಗಿನ ಹೊತ್ತು ಅದರ ಮೇಲೆ ಅವರ ಮನೆಯ ಸಂಡಿಗೆ ಮೊರ, ನಮ್ಮ ಮನೆಯ ಪೇಪರು, ಯಾರ ಮನೆಗೂ ಸೇರದ ಒಂದು ಬೆಕ್ಕು ಇರುತ್ತವೆ. ಪಕ್ಕದ ಮನೆಯ ಅಮ್ಮನವರಿಗೆ ಎಪ್ಪತ್ತೆಂಟು ವರ್ಷ. ಓದಿದ್ದು ಏಳನೇ ಕ್ಲಾಸು. ಅವರ ಯಜಮಾನರು ಮೈಸೂರು ರೈಲ್ವೆ ಸ್ಟೇಷನ್ ಹತ್ತಿರದ ಸ್ಟ್ಯಾಂಡಿನಲ್ಲಿ ಅಂಬಾಸಿಡರ್ ಟ್ಯಾಕ್ಸಿ ಇಟ್ಟುಕೊಂಡು ಮೂವತ್ತು ವರ್ಷ ಸಂಸಾರ ತೂಗಿಸಿದವರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರಾಗಿದ್ದು ನಿವೃತ್ತನಾದವನು. ನಮ್ಮಿಬ್ಬರಲ್ಲಿ ಕಾರಿನ ವಿಷಯ ಯಾರಿಗೆ ಹೆಚ್ಚು ಗೊತ್ತಿರಬೇಕು ಎಂದು ಹೋದ ತಿಂಗಳವರೆಗೆ ನನಗೊಂದು ಲೆಕ್ಕವಿತ್ತು.

ನಮ್ಮದು 2009ರ ಕಾರು. ಹದಿನೈದು ವರ್ಷ ತುಂಬಿದ ಮೇಲೆ ಆರ್‌ಟಿಒ ಕಚೇರಿಗೆ ಅಲೆದು, ಇನ್ನೈದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಂಡು ಬಂದಿದ್ದೆ. ಆಯುಸ್ಸು ಸಿಕ್ಕಿತಲ್ಲ ಎಂದು ಅದು ನಿಶ್ಚಿಂತೆಯಾಯಿತೋ ಏನೋ, ಮಳೆಗಾಲ ಹಿಡಿದದ್ದೇ ಹಟ ಶುರುಮಾಡಿತು. ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ದೀಪಾವಳಿ. ಆಮೇಲೆ ಒಂದೇ ಒಂದು ಸಲ ‘ಟಕ್’. ಅಷ್ಟೇ. ಇನ್ನೊಂದು ಸಲ ತಿರುಗಿಸಿದರೆ ಇನ್ನೊಂದು ಟಕ್. ಐದಾರು ಸಲ ಹೀಗಾಗಿ ಏಳನೇ ಸಲ ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು. ಪೂರ್ತಿ ಕೆಟ್ಟರೆ ಒಂದು ನಿರ್ಧಾರಕ್ಕೆ ಬರಬಹುದು. ಅರ್ಧ ಕೆಟ್ಟದ್ದರ ಜೊತೆ ಬಾಳುವುದು ಕಷ್ಟ.

ಆ ಸೋಮವಾರ ಏಳನೇ ಸಲವೂ ಟಕ್ ಅಂದಾಗ ಗೋಡೆಯಾಚೆಯಿಂದ ಧ್ವನಿ ಬಂತು.

“ಮೇಷ್ಟ್ರೇ, ಸಾಕು ಬಿಡಿ. ಹತ್ತು ದಿನದಿಂದ ಕೇಳ್ತಿದೀನಿ. ತೋರಿಸಿದ್ರಾ ಯಾರಿಗಾದ್ರೂ?”

“ಶನಿವಾರ ಮೆಕ್ಯಾನಿಕ್ ಬಂದು ನೋಡಿ ಹೋದನಮ್ಮ. ಸೆಲ್ಫ್ ಹೋಗಿದೆಯಂತೆ. ಎಸ್ಟಿಮೇಟ್ ಕೊಟ್ಟಿದ್ದಾನೆ.”

“ಎಲ್ಲಿ, ಕೊಡಿ ನೋಡೋಣ.”

ಚೀಟಿ ಗೋಡೆ ದಾಟಿತು. ಅವರು ಕನ್ನಡಕ ಹುಡುಕಿಕೊಂಡು ಬಂದು ಗಟ್ಟಿಯಾಗಿ ಓದಿದರು. ಸೆಲ್ಫ್ ಮೋಟಾರ್ ಪೂರ್ತಿ ಸೆಟ್ಟು 7,800. ಬ್ಯಾಟರಿ 5,200. ಲೇಬರ್ 1,200. ವೈರಿಂಗ್ ಚೆಕಿಂಗ್ 800. ಓದಿ ಮುಗಿಸಿ ನನ್ನ ಮುಖ ನೋಡಿದರು.

“ಸರಿಯಾಗಿ ಹದಿನೈದು ಸಾವಿರ. ಮೇಲೊಂದು ರೂಪಾಯಿ ಇಲ್ಲ, ಕೆಳಗೊಂದು ರೂಪಾಯಿ ಇಲ್ಲ. ಇದು ಕೂಡಿಸಿದ ಲೆಕ್ಕ ಅಲ್ಲ ಮೇಷ್ಟ್ರೇ, ಹಂಚಿದ ಲೆಕ್ಕ.”

ನಾನು ಸ್ವಲ್ಪ ಹೆಮ್ಮೆಯಿಂದಲೇ, “ನಾನೇನು ಸುಮ್ಮನೆ ಒಪ್ಪಿಲ್ಲ. ಚೌಕಾಸಿ ಮಾಡಿ ಹದಿಮೂರೂವರೆಗೆ ಇಳಿಸಿದ್ದೀನಿ” ಅಂದೆ.

“ಯಾವ ಹಲ್ಲು ನೋಯ್ತಿದೆ ಅಂತ ನೋಡದೇನೇ ಹಲ್ಲು ಕೀಳಿಸೋದಕ್ಕೆ ಚೌಕಾಸಿ ಮಾಡಿದ್ರಾ? ಸೆಲ್ಫ್ ಹೋಗಿದೆ ಅಂತ ಅವನಿಗೆ ಹೇಗೆ ಗೊತ್ತಾಯ್ತಂತೆ?”

ಕೇಳಿರಲಿಲ್ಲ. ಎಷ್ಟು ಎಂದು ಕೇಳಿದ್ದೆ, ಯಾವಾಗ ಎಂದು ಕೇಳಿದ್ದೆ, ಕಮ್ಮಿ ಮಾಡು ಎಂದಿದ್ದೆ. ಹೇಗೆ ಗೊತ್ತಾಯಿತು ಎಂದು ಮಾತ್ರ ಕೇಳಿರಲಿಲ್ಲ. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆಯಲ್ಲಿ ‘ಲೆಕ್ಕ ಮಾಡಿದ ಕ್ರಮ ತೋರಿಸಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದು ಅಂಕ ಕಳೆದವನು ನಾನು. ಗ್ಯಾರೇಜಿನವನ ಮುಂದೆ ನಿಂತರೆ ನಮಗೇನೋ ಒಂದು ಸಂಕೋಚ. ಬಾನೆಟ್ ಎತ್ತಿದ ಕೂಡಲೇ ಗರ್ಭಗುಡಿಯ ಮುಂದೆ ನಿಂತವರ ಹಾಗೆ ಕೈಕಟ್ಟಿ ನಿಲ್ಲುತ್ತೇವೆ. ಒಳಗಿನವರು ಹೇಳಿದ್ದು ಮಂತ್ರ, ಕೊಟ್ಟದ್ದು ತೀರ್ಥ.

ಅಮ್ಮನವರ ವಿದ್ಯೆ ಕಿವಿಯದು. ಯಜಮಾನರು ಬೆಳಗಿನ ಜಾವ ಊಟಿ ಟ್ರಿಪ್ಪಿಗೆ ಗಾಡಿ ತೆಗೆಯುವಾಗ ಇವರು ಒಲೆಯ ಮುಂದೆ ಕೂತೇ ಅದರ ಆರೋಗ್ಯ ತಿಳಿಯುತ್ತಿದ್ದರಂತೆ. “ನೋಡಿ, ಗರ್... ಗರ್... ಅಂತ ನಿಧಾನಕ್ಕೆ ಎಳೆದ್ರೆ ಬ್ಯಾಟರೀಲಿ ಜೀವ ಇಲ್ಲ. ಗರಗರಗರ ಅಂತ ಚೆನ್ನಾಗಿ ತಿರುಗಿಯೂ ಹತ್ತದೇ ಇದ್ರೆ ಪೆಟ್ರೋಲೋ ಪ್ಲಗ್ಗೋ, ಸೆಲ್ಫ್ ಮೇಲೆ ತಪ್ಪು ಹಾಕಬಾರದು. ಉಯ್ಯ್ ಅಂತ ಅದೊಂದೇ ಸುತ್ತಿ ಎಂಜಿನ್ ಅಲ್ಲಾಡದೇ ಇದ್ರೆ ಸೆಲ್ಫನ್ನ ಎಂಜಿನ್ನಿಗೆ ಕಚ್ಚಿಸೋ ಬೆಂಡಿಕ್ಸು. ಟಕಟಕಟಕ ಅಂತ ಹಲ್ಲಿ ಲೊಚಗುಟ್ಟಿದ ಹಾಗೆ ಒಂದೇ ಸಮ ಬಡಕೊಂಡ್ರೆ ಮತ್ತೆ ಬ್ಯಾಟರಿ, ಇಲ್ಲಾ ಟರ್ಮಿನಲ್ಲಿಗೆ ಕಿಲುಬು. ನಿಮ್ಮದು ಒಂದೇ ಸಲ ಟಕ್ ಅಂತ ಸುಮ್ಮನಾಗ್ತದೆ. ಸೆಲ್ಫ್ ಇರಬಹುದು. ಅಲ್ಲದೇನೂ ಇರಬಹುದು.”

“ಬ್ಯಾಟರಿ ಇರಲಾರದಮ್ಮ. ಹೆಡ್‌ಲೈಟ್ ಝಗ್ ಅಂತ ಉರೀತಿದೆ” ಅಂದೆ.

“ಕೊಡ ತುಂಬೋ ನಲ್ಲೀಲಿ ಬೆಂಕಿ ಆರಿಸೋಕಾಗತ್ತಾ?”

ಆಗ ನನ್ನೊಳಗಿನ ಮೇಷ್ಟ್ರು ಸ್ವಲ್ಪ ಕದಲಿದ. ಹೆಡ್‌ಲೈಟ್ ಎರಡೂ ಸೇರಿ ಎಳೆಯುವುದು ಹೆಚ್ಚುಕಡಿಮೆ ಹತ್ತು ಆಂಪಿಯರ್. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ ಮೋಟಾರು ಎಂಜಿನ್ನನ್ನು ತಿರುಗಿಸುವ ಆ ಒಂದೆರಡು ಸೆಕೆಂಡಿನಲ್ಲಿ ನೂರು ಆಂಪಿಯರಿಗೂ ಮೇಲೆ ಎಳೆಯುತ್ತದೆ. ದೀಪ ಉರಿಯಿತು ಎಂದ ಮಾತ್ರಕ್ಕೆ ನೂರು ಆಂಪಿಯರಿಗೆ ದಾರಿ ಇದೆ ಎಂದಾಗುವುದಿಲ್ಲ. ದಾರಿಯಲ್ಲೆಲ್ಲೋ ಒಂದು ಓಮಿನ ಇಪ್ಪತ್ತರಲ್ಲೊಂದು ಭಾಗದಷ್ಟು ರೋಧ ಸೇರಿಕೊಂಡಿದೆ ಎನ್ನಿ. ಹತ್ತು ಆಂಪಿಯರಿಗೆ ಅದು ನುಂಗುವುದು ಅರ್ಧ ವೋಲ್ಟು, ಯಾರಿಗೂ ಗೊತ್ತಾಗುವುದಿಲ್ಲ. ನೂರು ಆಂಪಿಯರಿಗೆ ಐದು ವೋಲ್ಟು. ಹನ್ನೆರಡರಲ್ಲಿ ಐದು ಹೋದರೆ ಮೋಟಾರು ಇನ್ನೇನು ತಿರುಗೀತು? ಓಮ್‌ನ ನಿಯಮ. ವಿಭವಾಂತರ, ಪ್ರವಾಹ, ರೋಧ. ಹತ್ತನೇ ತರಗತಿಗೆ ಪ್ರತಿವರ್ಷ ಬೋರ್ಡಿನ ಮೇಲೆ ಬರೆದದ್ದು. ಬೋರ್ಡಿನಿಂದ ಬಾನೆಟ್ಟಿಗೆ ಅದು ಬರಲು ಗೋಡೆಯಾಚೆಯವರು ಬೇಕಾಯಿತು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ಕಾರಿನ ಕಥೆ ಎಲ್ಲೂ ಓಡಿಹೋಗುವುದಿಲ್ಲ, ಅದು ಸ್ಟಾರ್ಟೇ ಆಗುತ್ತಿಲ್ಲ. ಮೊದಲು ಕಾರುಗಳಿಗೆ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು. ಅದು ತಿರುಗಿ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. 1912ರ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸೆಲ್ಫ್ ಕೊಟ್ಟವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವರು ಅದಕ್ಕೆ ಮುಂಚೆ ಅಂಗಡಿಯ ಗಲ್ಲಾಪೆಟ್ಟಿಗೆಗೆ ಮೋಟಾರು ಕೂರಿಸಿದವರು. ಗಲ್ಲಾದ ಮೋಟಾರು ದಿನವಿಡೀ ಓಡಬೇಕಿಲ್ಲ, ಒಂದು ಕ್ಷಣ ಜೋರಾಗಿ ದುಡಿದರೆ ಸಾಕು. ಕಾರಿನ ಸೆಲ್ಫೂ ಅದೇ ಜಾತಿ. ಅದಕ್ಕೇ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಕೀ ಹಿಡಿದು ಅದನ್ನು ಗೋಳುಹುಯ್ಯಬಾರದು. ನಮ್ಮ ಅಂಬಾಸಿಡರಿನಲ್ಲಿ ಸೆಲ್ಫ್ ಇದ್ದರೂ ಆಪತ್ತಿಗೆಂದು ಹ್ಯಾಂಡಲ್ಲೂ ಇರುತ್ತಿತ್ತು. ಅಮ್ಮನವರ ಯಜಮಾನರು ಹ್ಯಾಂಡಲ್ಲಿಗಿಂತ ಇಳಿಜಾರನ್ನು ನಂಬಿದವರು. ಬ್ಯಾಟರಿ ಮುದಿಯಾಗಿದ್ದ ದಿನಗಳಲ್ಲಿ ಗಿರಾಕಿ ಎಲ್ಲಿಗೆ ಕರೆದರೂ ಮೊದಲು ನೋಡುತ್ತಿದ್ದದ್ದು ಗಾಡಿ ನಿಲ್ಲಿಸಲು ಇಳಿಜಾರು ಇದೆಯೋ ಇಲ್ಲವೋ ಎಂದು. ಮದುವೆ ಮನೆ ಮುಂದೆ ಬಿಟ್ಟು ಅರ್ಧ ಮೈಲಿ ಆಚೆಯ ಇಳಿಜಾರಿನಲ್ಲಿ ನಿಲ್ಲಿಸಿ ನಡೆದುಬಂದದ್ದೂ ಉಂಟಂತೆ.

“ನಿಮ್ಮ ಹತ್ರ ವೋಲ್ಟ್ ನೋಡೋ ಡಬ್ಬಿ ಇದೆಯಲ್ಲ, ತನ್ನಿ” ಅಂದರು ಅಮ್ಮ.

ಅಟ್ಟದಿಂದ ಮಲ್ಟಿಮೀಟರ್ ಇಳಿಯಿತು. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದದ್ದಾಯಿತು. ಬ್ಯಾಟರಿಯ ಎರಡು ತುದಿಗೆ ಹಿಡಿದೆ. ಹನ್ನೆರಡೂವರೆ. ಹನ್ನೆರಡು ಪಾಯಿಂಟ್ ಆರು ಇದ್ದರೆ ತುಂಬಿದ ಬ್ಯಾಟರಿ, ಹನ್ನೆರಡಕ್ಕಿಂತ ಕೆಳಗಿಳಿದರೆ ಖಾಲಿ. ಇದು ಅಡ್ಡಿಯಿಲ್ಲ. ಒಳಗಿನಿಂದ ಹೆಂಡತಿ ಬಂದು ಕೀ ತಿರುಗಿಸಿದಳು. ಟಕ್. ಮೀಟರು ಹನ್ನೆರಡರ ಹತ್ತಿರವೇ ನಿಂತಿತು. ಇದೇ ಮಜಾ. ಬ್ಯಾಟರಿ ಸತ್ತಿದ್ದರೆ ಆ ಹೊತ್ತಿನಲ್ಲಿ ಒಂಬತ್ತಕ್ಕೂ ಕೆಳಗೆ ದೊಪ್ಪನೆ ಬೀಳಬೇಕಿತ್ತು. ಬೀಳಲಿಲ್ಲವೆಂದರೆ ಬ್ಯಾಟರಿಯನ್ನು ಯಾರೂ ಏನೂ ಕೇಳುತ್ತಲೇ ಇಲ್ಲ ಎಂದರ್ಥ. ಚೀಟಿಯಲ್ಲಿದ್ದ ಐದು ಸಾವಿರದ ಇನ್ನೂರು ಅಲ್ಲಿಗೆ ಹೋಯಿತು.

ಉಳಿದದ್ದು ಸೆಲ್ಫ್. ಅಮ್ಮ ಗೋಡೆಯ ಮೇಲೆ ಮೊಣಕೈ ಊರಿದರು. “ನಮ್ಮ ಅಂಬಾಸಿಡರಿಗೆ ಒಂದು ಸಲ ಹೀಗೇ ಆಗಿತ್ತು. ಗುಂಡ್ಲುಪೇಟೇಲಿ ನಿಂತ್ಹೋಯ್ತು. ಸೆಲ್ಫ್ ಹೊಡೆದಾಗೆಲ್ಲ ಆಕ್ಸಿಲರೇಟರ್ ಕೇಬಲ್ ಸುಡ್ತಿತ್ತಂತೆ. ಕೇಬಲ್ ಯಾಕಪ್ಪಾ ಸುಡಬೇಕು ಅಂತ ನೋಡಿದ್ರೆ, ಎಂಜಿನ್ನಿಗೂ ಬಾಡಿಗೂ ಇರೋ ಅರ್ತ್ ಪಟ್ಟಿ ಹರಿದಿತ್ತು. ಕರೆಂಟು ಬೇರೆ ದಾರಿ ಇಲ್ದೆ ಆ ಬಡಪಾಯಿ ಕೇಬಲ್ಲಲ್ಲಿ ನುಗ್ಗತಿತ್ತು.”

ನಾನು ಅಲ್ಲೇ ನಿಂತೆ. ಎಂಜಿನ್ನು ಬಾಡಿಯಲ್ಲಿ ರಬ್ಬರಿನ ದಿಂಬುಗಳ ಮೇಲೆ ಕೂತಿರುತ್ತದೆ. ರಬ್ಬರಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಹೆಡ್‌ಲೈಟಿನ ಅರ್ತ್ ಬಾಡಿಗೆ, ಅದಕ್ಕೇ ಝಗ್ ಅಂತ ಉರಿಯುತ್ತದೆ. ಸೆಲ್ಫಿನ ಅರ್ತ್ ಎಂಜಿನ್ನಿಗೆ. ಆ ಒಂದು ಪಟ್ಟಿ ಸಡಿಲಾದರೆ ದೀಪವೆಲ್ಲ ಸರಿ, ಬ್ಯಾಟರಿ ಸರಿ, ಸೆಲ್ಫೂ ಸರಿ, ಆದರೂ ಟಕ್. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಹಿಡಿದೆ. ಕೀ ತಿರುಗಿದಾಗ ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಾಣಕೂಡದು. ಕಂಡದ್ದು ಆರು, ಎಂಟು, ಮತ್ತೆ ಆರು.

ಜಂಪರ್ ಕೇಬಲ್ಲಿನ ಕಪ್ಪು ವೈರನ್ನು ಬ್ಯಾಟರಿಯ ಮೈನಸ್ಸಿನಿಂದ ನೇರವಾಗಿ ಎಂಜಿನ್ನಿಗೆ ಕಚ್ಚಿಸಿ, “ಈಗ ತಿರುಗಿಸು” ಅಂದೆ. ಪೂರ್ತಿ ತಿರುಗಿಸುವ ಮೊದಲೇ ಕಾರು ಸ್ಟಾರ್ಟ್ ಆಯಿತು. ಬೆಕ್ಕು ಗೋಡೆಯಿಂದ ಹಾರಿತು. ಕೆಳಗೆ ಬಗ್ಗಿ ನೋಡಿದರೆ ಗೇರ್‌ಬಾಕ್ಸಿನ ಪಕ್ಕ ಪಟ್ಟಿಯ ತುದಿ ಹಸಿರುಗಟ್ಟಿ, ನಾಲ್ಕೆಳೆ ತಂತಿಯಲ್ಲಿ ನೇತಾಡುತ್ತಿತ್ತು. ದೇವರ ಹಿತ್ತಾಳೆ ದೀಪಕ್ಕಾದರೆ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರು. ಇದು ಉಜ್ಜುವ ಹಂತ ದಾಟಿತ್ತು.

ಮಧ್ಯಾಹ್ನ ಕಾರು ಓಡಿಸಿಕೊಂಡೇ ಗ್ಯಾರೇಜಿಗೆ ಹೋದೆ. ಜಗಳಕ್ಕೆ ತಯಾರಾಗಿದ್ದೆ, ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ. ಮೆಕ್ಯಾನಿಕ್ ಹುಡುಗ ಬಗ್ಗಿ ಪಟ್ಟಿ ನೋಡಿದ. ನೋಡಿ, ತಲೆ ಕೆರೆದುಕೊಂಡು, “ಹೌದು ಸಾರ್, ಇದೇ” ಅಂದ. ಜೋಡಿಸಿದ ವಾಕ್ಯಗಳೆಲ್ಲ ವ್ಯರ್ಥವಾದವು.

“ಸೆಲ್ಫ್ ಅಂತ ಹೇಗಪ್ಪಾ ಹೇಳಿದೆ?”

“ಲೈಟ್ ಫುಲ್ ಇತ್ತು, ಟಕ್ ಅಂತಿತ್ತು ಸಾರ್. ಹತ್ತರಲ್ಲಿ ಎಂಟಕ್ಕೆ ಸೆಲ್ಫೇ ಇರತ್ತೆ.”

“ಮತ್ತೆ ಬ್ಯಾಟರಿ?”

“ಅದು ಸೇಫ್ಟಿಗೆ.”

ಯಾರ ಸೇಫ್ಟಿಗೆ ಎಂದು ಕೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವನೇ ಕೇಳಿದ. “ಸಾರ್, ಕೂತು ಮೀಟರ್ ಇಟ್ಟು ಒಂದೊಂದೇ ವೈರ್ ನೋಡಿದ್ರೆ ಒಂದು ಗಂಟೆ ಹಿಡಿಯುತ್ತೆ. ನೋಡೋದಕ್ಕೆ ಅಂತ ದುಡ್ಡು ಕೇಳಿದ್ರೆ ನೀವು ಕೊಡ್ತೀರಾ? ಹೋದ ವರ್ಷ ಎ.ಸಿ. ಚೆಕ್ ಮಾಡಿದ್ದಕ್ಕೆ ಮುನ್ನೂರು ಕೇಳ್ದೆ. ಏನೂ ಹಾಕಿಲ್ವಲ್ಲ, ಯಾತಕ್ಕೆ ಮುನ್ನೂರು ಅಂದ್ರಿ.”

ಅಂದಿದ್ದೆ. ನೆನಪಿತ್ತು. ಅವತ್ತು ನೂರು ಕೊಟ್ಟು ಬಂದು ಮನೆಯಲ್ಲಿ ಜಾಣತನದ ಕಥೆಯಾಗಿ ಹೇಳಿದ್ದೂ ನೆನಪಿತ್ತು. ಕೈಗೆ ಸಿಗುವ ಕಬ್ಬಿಣಕ್ಕೆ ಎಂಟು ಸಾವಿರ ಕೊಡಲು ಒಪ್ಪಿದವನಿಗೆ, ಕಣ್ಣಿಗೆ ಕಾಣದ ಒಂದು ಗಂಟೆಯ ಯೋಚನೆಗೆ ಮುನ್ನೂರು ಭಾರವಾಗಿತ್ತು. ಹಾಗಾಗಿ ಅವನು ಆ ಯೋಚನೆಯನ್ನೇ ಬಿಟ್ಟು ಕಬ್ಬಿಣ ಮಾರುತ್ತಾನೆ. ಚೀಟಿಯ ಹದಿನೈದು ಸಾವಿರದಲ್ಲಿ ನನ್ನ ಕೈಬರಹವೂ ಸ್ವಲ್ಪ ಇದ್ದಹಾಗೆ ಕಂಡಿತು. ಹಾಗೆಂದು ‘ಸೇಫ್ಟಿ’ ಬ್ಯಾಟರಿಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಹೊಸ ಪಟ್ಟಿಗೆ 350 ರೂಪಾಯಿ. ಅವನು ಬ್ಯಾಟರಿಯ ಮೈನಸ್ ಮೊದಲು ಕಳಚಿ, ಪಟ್ಟಿ ಕೂರುವ ಜಾಗವನ್ನು ಹೊಳೆಯುವವರೆಗೆ ಉಜ್ಜಿ, ಬೋಲ್ಟು ಬಿಗಿದು, ಮೇಲೆ ಗ್ರೀಸ್ ಸವರಿದ. ಟರ್ಮಿನಲ್ಲಿನ ಮೇಲಿದ್ದ ಬಿಳಿ ಹಿಟ್ಟನ್ನು ಬಿಸಿನೀರಿಗೆ ಅಡಿಗೆ ಸೋಡಾ ಬೆರೆಸಿ ತೊಳೆದ. ಒಳ್ಳೆಯ ಕೆಲಸಗಾರನೇ. ಲೇಬರ್ 200 ಅಂದ. ಪಟ್ಟಿಯ ದುಡ್ಡಲ್ಲದೆ ನಾನು ಐನೂರು ಕೊಟ್ಟೆ. “ಯಾಕ್ ಸಾರ್?” ಅಂದ. “ಹೋದ ವರ್ಷದ ಬಾಕಿ ಇನ್ನೂರು, ಇನ್ನೂರು ಇವತ್ತಿಂದು” ಅಂದೆ. ಲೆಕ್ಕ ಹಾಕಿ, “ನೂರು ಜಾಸ್ತಿ ಆಯ್ತು” ಅಂದ. “ಮುಂದಿನ ಸಲ ಕೂತು ನೋಡೋದಕ್ಕೆ ಅಡ್ವಾನ್ಸು.” ಮನೆಯಲ್ಲಿ ಈ ನೂರರ ವಿಷಯ ಇನ್ನೂ ಹೇಳಿಲ್ಲ.

ಸಂಜೆ ಅಮ್ಮನವರನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಹೊಸ ಸೀರೆ ಉಟ್ಟು, ಹಣ್ಣುಕಾಯಿ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಕೀ ತಿರುಗಿಸಿದೆ. ಮೊದಲ ಸಲಕ್ಕೇ ಸ್ಟಾರ್ಟ್. ಕನ್ನಡಿಯಲ್ಲಿ ಅವರ ಮುಖ ನೋಡಿದೆ, ಭೇಷ್ ಅನ್ನುತ್ತಾರೇನೋ ಎಂದು. ಅಷ್ಟರಲ್ಲಿ ಮುಂದಿನಿಂದ ಕ್ಷಣಕಾಲ ‘ಕೀಂಯ್’ ಎಂದು ಒಂದು ಸದ್ದು ಎದ್ದು ಅಡಗಿತು.

ಅಮ್ಮ ತಲೆ ಒಂದು ಕಡೆ ವಾಲಿಸಿ ಕೇಳಿಸಿಕೊಂಡರು.

“ಬೆಲ್ಟು, ಮೇಷ್ಟ್ರೇ” ಅಂದರು. “ನಡೀರಿ, ಮಂಗಳಾರತಿ ಹೊತ್ತಾಯ್ತು.”