ಕ್ಲಸ್ಟರ್‌ದಾರ

ಕ್ಲಸ್ಟರ್‌ದಾರನೆಂದರೆ ಒಂದು ಕಂಪ್ಯೂಟರಿನಲ್ಲಿ ಮುಗಿಯುವ ಕೆಲಸವನ್ನು ಮೂರಕ್ಕೆ ಹಂಚಿ, ಆ ಮೂರೂ ಒಂದೇ ಎಂದು ಜಗತ್ತಿಗೆ ತೋರಿಸಲು ನಾಲ್ಕನೆಯದನ್ನು ಹುಡುಕುವವನು. ನಿಪ್ಪಾಣಿಯ ಕ್ಲಸ್ಟರ್‌ದಾರನಿಗೆ ಮೂವತ್ತರ ಆಚೀಚೆಯ ವಯಸ್ಸು. ಪುಣೆಯ ಅಥವಾ ಬೆಂಗಳೂರಿನ ಕಂಪನಿಯಲ್ಲಿ ನೌಕರಿ, ಕೂತಿರುವುದು ಮಾತ್ರ ಊರ ಮನೆಯ ಮಾಳಿಗೆಯಲ್ಲಿ. 2020ರ ಲಾಕ್‌ಡೌನಿನಲ್ಲಿ ಎರಡು ಜೊತೆ ಬಟ್ಟೆ ಹಿಡಿದು ಬಂದವನು ಆಮೇಲೆ ಹೋಗಲೇ ಇಲ್ಲ. ಇವನ ಕೆಲಸ ಏನೆಂದು ಮನೆಯವರಿಗೆ ಇನ್ನೂ ತಿಳಿದಿಲ್ಲ. ತಿಂಗಳ ಕೊನೆಗೆ ಪಗಾರ ಬರುವುದರಿಂದ ಯಾರೂ ಕೆದಕಿ ಕೇಳುವುದೂ ಇಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿಗಳಲ್ಲೂ ಈ ತಳಿ ಕಾಣಸಿಗುತ್ತದೆ. ಆದರೆ ಹಳೇ ಕಂಪ್ಯೂಟರ್ ಮಾರುವ ಕೊಲ್ಹಾಪುರದ ಅಂಗಡಿಗಳು ತಾಸೊಪ್ಪತ್ತಿನ ದಾರಿಯಲ್ಲಿರುವುದರಿಂದ ನಿಪ್ಪಾಣಿಯಲ್ಲಿ ಬೆಳೆ ಹುಲುಸು.

ಕ್ಲಸ್ಟರ್ ಕಟ್ಟಲು ಒಂದು ನೆಪ ಬೇಕು. ಸಾಮಾನ್ಯವಾಗಿ ಅದನ್ನು ಒದಗಿಸುವವನು ಕಾಕಾ. ಕಾಕಾನದೊಂದು ಮಂಗಲ ಕಾರ್ಯಾಲಯ ಇರುತ್ತದೆ. ಅದಕ್ಕೊಂದು ವೆಬ್‌ಸೈಟ್ ಇದ್ದರೆ ಚೆಂದ ಎಂದು ಊಟದ ಹೊತ್ತಿಗೆ ಕಾಕಾ ಅಂದುಬಿಡುತ್ತಾನೆ. ನಾಲ್ಕು ಫೋಟೋ, ಎಷ್ಟು ಮಂದಿ ಕೂರಬಹುದೆಂಬ ಒಂದು ಸಾಲು, ಫೋನ್ ನಂಬರು: ಇಷ್ಟಕ್ಕೆ ಬೇಕಾದದ್ದು ಒಂದು ಪುಟ, ಅರ್ಧ ದಿನದ ಕೆಲಸ. ಕ್ಲಸ್ಟರ್‌ದಾರ ಮೊದಲು ಕೇಳುವ ಪ್ರಶ್ನೆ ಫೋಟೋದ ಬಗ್ಗೆ ಅಲ್ಲ. "ಒಮ್ಮಿಗೇ ಹತ್ತು ಸಾವಿರ ಮಂದಿ ಬಂದ್ರ ಏನ್ ಮಾಡೂದು?" ಎನ್ನುತ್ತಾನೆ. ಕಾಕಾ ಅಡುಗೆಯವನ ಬಗ್ಗೆ ಯೋಚಿಸತೊಡಗುತ್ತಾನೆ.

ಮುಂದಿನದು ಸಾಮಗ್ರಿ. ಪರದೆ ಒಡೆದ ಲ್ಯಾಪ್‌ಟಾಪ್ ಒಂದು, ಕೊಲ್ಹಾಪುರದ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ಒಂದು, ಅಂಗೈಯಗಲದ ರಾಸ್ಪ್‌ಬೆರಿ ಪೈ ಒಂದು, ಇವನ್ನೆಲ್ಲ ಜೋಡಿಸುವ ಸ್ವಿಚ್ಚು, ಕರೆಂಟು ಹೋದಾಗ ಟಿವಿಗಿಂತ ಮೊದಲು ಇವಕ್ಕೆ ಕೊಡಬೇಕೆಂದು ಜಗಳವಾಡಿ ಪಡೆದ ಇನ್ವರ್ಟರ್ ಲೈನು. ಯಂತ್ರಗಳಿಗೆ ಹೆಸರಿಡುವುದರಲ್ಲಿ ಒಂದು ಸಂಜೆ ಕಳೆಯುತ್ತದೆ. ಹೆಚ್ಚಿನವರು ನದಿಗಳ ಹೆಸರನ್ನೇ ಇಡುತ್ತಾರೆ: ಯಜಮಾನ ಯಂತ್ರ ದೂಧಗಂಗಾ, ಕೆಲಸದ ಯಂತ್ರಗಳು ವೇದಗಂಗಾ ಮತ್ತು ಹಿರಣ್ಯಕೇಶಿ. ಇವು ಮೂರೂ ಮಾಳಿಗೆಯ ಕಪಾಟಿನಲ್ಲಿ ಕೂತು ರಾತ್ರಿಯೆಲ್ಲ ದೀಪ ಮಿಟುಕಿಸುತ್ತವೆ. "ದೇವ್ರ ಮುಂದಿನ ದೀಪ ಆರಿದ್ರೂ ಇವು ಆರಂಗಿಲ್ಲ" ಎಂದು ಅವ್ವ ನೆರೆಯವರಿಗೆ ಹೇಳುವಾಗ ಅದು ದೂರೋ ಹೆಮ್ಮೆಯೋ ಗೊತ್ತಾಗುವುದಿಲ್ಲ.

ಯಂತ್ರಗಳನ್ನು ಒಂದುಗೂಡಿಸಲು ಇವನು ಆರಿಸುವುದು ಕೆ3ಎಸ್. ಗೂಗಲ್ 2014ರಲ್ಲಿ ಬಯಲಿಗೆ ಬಿಟ್ಟ ಕುಬರ್ನೆಟೀಸ್ ದೊಡ್ಡ ಕಂಪನಿಗಳ ಸಾವಿರಾರು ಕಂಟೇನರುಗಳನ್ನು, ಅಂದರೆ ಬೇಕಾದ ಸಾಮಾನಿನ ಸಮೇತ ಕಟ್ಟಿಟ್ಟ ತಂತ್ರಾಂಶಗಳನ್ನು, ನಡೆಸುವ ವ್ಯವಸ್ಥೆ. ಅದರ ಮೈ ಇಳಿಸಿ, 100 ಎಂಬಿಗಿಂತ ಕಡಿಮೆಯ ಒಂದೇ ಫೈಲಿನಲ್ಲಿ ರಾಂಚರ್ ಲ್ಯಾಬ್ಸ್ 2019ರಲ್ಲಿ ಹೊರತಂದದ್ದು ಕೆ3ಎಸ್. ಯಜಮಾನ ಯಂತ್ರದಲ್ಲಿ ಒಂದು ಸಾಲಿನ ಆದೇಶ ಕೊಟ್ಟರೆ ಅದು ಎದ್ದು ಕೂರುತ್ತದೆ. ಅದು ಕೊಡುವ ಟೋಕನ್ ಹಿಡಿದು ಉಳಿದ ಯಂತ್ರಗಳು 6443ನೇ ಪೋರ್ಟಿನಲ್ಲಿ, ಅಂದರೆ ಆ ನಂಬರಿನ ಬಾಗಿಲಲ್ಲಿ, ಬಂದು ಸೇರಿಕೊಳ್ಳುತ್ತವೆ. ಎಲ್ಲವೂ ಚಹಾ ಆರುವುದರೊಳಗೆ ಮುಗಿಯುತ್ತದೆ. ಕ್ಲಸ್ಟರ್‌ದಾರನಿಗೆ ಇದರಿಂದ ಆಗುವುದು ಸ್ವಲ್ಪ ನಿರಾಶೆಯೇ.

ಅವನ ನಿಜವಾದ ಸಂಸಾರ ಶುರುವಾಗುವುದು ದಾರಿಯ ವಿಷಯಕ್ಕೆ ಬಂದಾಗ. ಕ್ಲಸ್ಟರಿನೊಳಗೆ ಪ್ರತಿಯೊಂದು ಪಾಡ್‌ಗೆ, ಅಂದರೆ ಕಂಟೇನರು ಕೂತ ಗೂಡಿಗೆ, 10.42ರಿಂದ ಶುರುವಾಗುವ ವಿಳಾಸ ಸಿಗುತ್ತದೆ. ಪಾಡ್ ಸತ್ತು ಹುಟ್ಟಿದರೆ ವಿಳಾಸ ಬದಲಾಗುತ್ತದೆ. ಆದ್ದರಿಂದ ಅದರ ಮುಂದೆ ಸರ್ವಿಸ್ ಎಂಬ ಖಾಯಂ ಹೆಸರನ್ನು ನಿಲ್ಲಿಸುತ್ತಾರೆ. ಅದರ ವಿಳಾಸ 10.43ರ ಸಾಲಿನದು. ಆ ಹೆಸರನ್ನು ವಿಳಾಸವಾಗಿ ತಿರುಗಿಸಿ ಹೇಳುವುದು ಕೋರ್‌ಡಿಎನ್‌ಎಸ್. ಹೊರಗಿನಿಂದ ಬಂದವರು ಯಾವ ತಾಣದ ಹೆಸರು ಹೇಳಿದರೆ ಯಾವ ಸರ್ವಿಸ್‌ಗೆ ಹೋಗಬೇಕೆಂಬ ನಿಯಮ ಇಂಗ್ರೆಸ್. ನಿಯಮ ಓದಿ ಮಂದಿಯನ್ನು ಕಳಿಸುವುದು ಟ್ರೆಫಿಕ್ ಎಂಬ ತಂತ್ರಾಂಶ. ಕೆ3ಎಸ್ ಜೊತೆಗೇ ಅದು ಬರುತ್ತದೆ. ಟ್ರೆಫಿಕ್‌ಗಾಗಿ ಪ್ರತಿ ಯಂತ್ರದ 80 ಮತ್ತು 443ನೇ ಪೋರ್ಟುಗಳನ್ನು ಹಿಡಿದಿಡುವ ಕೆಲಸ ಸರ್ವಿಸ್‌ಎಲ್‌ಬಿಯದು.

ಇದನ್ನೆಲ್ಲ ಕ್ಲಸ್ಟರ್‌ದಾರ ಕಾಕಾನಿಗೆ ಬಸ್ ಸ್ಟ್ಯಾಂಡಿನ ಲೆಕ್ಕದಲ್ಲಿ ತಿಳಿಸುತ್ತಾನೆ. ಪಾಡ್ ಎಂದರೆ ಬಸ್ಸು, ಇವತ್ತೊಂದು ಗಾಡಿ, ನಾಳೆ ಇನ್ನೊಂದು. ಸರ್ವಿಸ್ ಎಂದರೆ ಚಿಕ್ಕೋಡಿ ಎಂದು ಬರೆದ ಬೋರ್ಡು, ಗಾಡಿ ಬದಲಾದರೂ ಅದು ಅಲ್ಲೇ. ಇಂಗ್ರೆಸ್ ಎಂದರೆ ವಿಚಾರಣೆ ಖಿಡಕಿಯಲ್ಲಿ ಕೂತವನ ಮುಂದಿನ ಪಟ್ಟಿ. ಬೇಡದ ಪೋರ್ಟುಗಳನ್ನು ಮುಚ್ಚಿಡುವ ಫೈರ್‌ವಾಲ್ ಎಂದರೆ ಗಡಿ ತಂಟೆ ಎದ್ದ ದಿನ ಬಸ್ಸುಗಳು ಕೊಗನೊಳ್ಳಿಯ ಹತ್ತಿರವೇ ನಿಂತುಬಿಡುವುದು. ಗಡಿಯ ಊರಿನ ಕಾಕಾನಿಗೆ ಇದು ಒಂದೇ ಸಲಕ್ಕೆ ಅರ್ಥವಾಗುತ್ತದೆ.

"ಬಸ್ ಎಷ್ಟ ಅದಾವು?"

"ಎರಡು, ಕಾಕಾ."

"ಮಂದಿ?"

"ಇನ್ನೂ ಬಂದಿಲ್ಲ."

ಫೈರ್‌ವಾಲಿನ ಮಾತು ಬರೀ ಮಾತಲ್ಲ. ಒಂದು ಯಂತ್ರದ ಪಾಡ್ ಇನ್ನೊಂದು ಯಂತ್ರದ ಪಾಡ್‌ನ ಜೊತೆ ಮಾತಾಡುವುದು ಫ್ಲಾನೆಲ್ ಎಂಬ ಜಾಲದ ಮೂಲಕ, ಯುಡಿಪಿ 8472ನೇ ಪೋರ್ಟಿನಲ್ಲಿ. ಫೈರ್‌ವಾಲ್ ಆ ಪೋರ್ಟನ್ನು ಮುಚ್ಚಿದ್ದರೆ ಯಂತ್ರಗಳು ಮೂರೂ ಆರೋಗ್ಯವಾಗಿವೆ ಎಂದೇ ಪರದೆ ಹೇಳುತ್ತದೆ, ಕಾರ್ಯಾಲಯದ ಪುಟ ಮಾತ್ರ ಒಮ್ಮೆ ತೆರೆದು ಒಮ್ಮೆ ತೆರೆಯದೆ ಸತಾಯಿಸುತ್ತದೆ. ಬೇಡಿಕೆ ಅದೇ ಯಂತ್ರದ ಪಾಡ್‌ಗೆ ಹೋದಾಗ ಪುಟ ಬರುತ್ತದೆ, ಪಕ್ಕದ ಯಂತ್ರದ ಪಾಡ್‌ಗೆ ಹೋದಾಗ ದಾರಿಯಲ್ಲೇ ಕಾಣೆಯಾಗುತ್ತದೆ. ಇದನ್ನು ಪತ್ತೆ ಹಚ್ಚುವವರೆಗೆ ಕ್ಲಸ್ಟರ್‌ದಾರ ವೈಫೈಯನ್ನು, ಕೇಬಲ್ಲನ್ನು, ಕೊನೆಗೆ ತಂಗಿ ನೋಡುತ್ತಿದ್ದ ಧಾರಾವಾಹಿಯನ್ನು ದೂರುತ್ತಾನೆ.

ಇಂಗ್ರೆಸ್ ನಿಯಮ ಬರೆಯುವುದು ಯಾಮಲ್ ಎಂಬ ಬಗೆಯ ಫೈಲಿನಲ್ಲಿ. ಅದರಲ್ಲಿ ಸಾಲಿನ ಮುಂದಿನ ಖಾಲಿ ಜಾಗಕ್ಕೂ ಅರ್ಥವಿದೆ. ಒಂದು ಸ್ಪೇಸ್ ಹೆಚ್ಚಾದರೆ ಒಂದೋ ಫೈಲು ತಿರಸ್ಕಾರವಾಗುತ್ತದೆ, ಇಲ್ಲವೇ ಅರ್ಥ ಬೇರೆಯಾಗುತ್ತದೆ. ಟ್ಯಾಬ್ ಒತ್ತುವಂತೆಯೇ ಇಲ್ಲ. ತಾಣದ ಹೆಸರು, ದಾರಿ, ಸರ್ವಿಸ್‌ನ ಹೆಸರು, ಪೋರ್ಟು, ಬರೆಯಬೇಕಾದದ್ದು ಇಷ್ಟೇ. ಬರೆದಾದ ಮೇಲೆ ಕ್ಲಸ್ಟರ್‌ದಾರ ಬ್ರೌಸರ್ ತೆರೆದು ಉತ್ತರಕ್ಕೆ ಕಾಯುತ್ತಾನೆ. ಆ ಉತ್ತರಗಳನ್ನು ಅವನು ಓದುವ ಬಗೆಯಿಂದಲೇ ಅವನ ಅನುಭವ ಎಷ್ಟೆಂದು ತಿಳಿಯಬಹುದು. ಏನೂ ಬಾರದೆ ಗಾಲಿ ತಿರುಗುತ್ತಲೇ ಇದ್ದರೆ ಸಾಮಾನ್ಯವಾಗಿ ಬೇಡಿಕೆ ಬಾಗಿಲವರೆಗೂ ಬಂದಿಲ್ಲ. 404 ಬಂದರೆ ಟ್ರೆಫಿಕ್‌ವರೆಗೆ ಬಂದಿದೆ, ಆ ಹೆಸರಿನ ನಿಯಮ ಸಿಕ್ಕಿಲ್ಲ. 502 ಬಂದರೆ ನಿಯಮ ಸಿಕ್ಕಿದೆ, ಹೇಳಿದ ಪೋರ್ಟಿನಲ್ಲಿ ಪಾಡ್ ಕೇಳಿಸಿಕೊಳ್ಳುತ್ತಿಲ್ಲ. 503 ಬಂದರೆ ಸಾಮಾನ್ಯವಾಗಿ ಸರ್ವಿಸ್‌ನ ಹಿಂದೆ ತಯಾರಾದ ಪಾಡ್ ಒಂದೂ ಇಲ್ಲ. ಹೊರಗಿನವರಿಗೆ ಇವೆಲ್ಲ ಒಂದೇ, ವೆಬ್‌ಸೈಟ್ ಬಂದ್. ಕ್ಲಸ್ಟರ್‌ದಾರ ಮಾತ್ರ ರಾತ್ರಿ ಒಂದೂವರೆಗೆ 404 ಕಂಡು "ಬಂತು, ಬಂತು" ಎಂದು ಕೂಗಿ ಮನೆಯವರನ್ನು ಎಬ್ಬಿಸುತ್ತಾನೆ.

503ರ ಕಾರಣ ಸಾಮಾನ್ಯವಾಗಿ ಚಿಕ್ಕದು. ಸರ್ವಿಸ್ ತನ್ನ ಪಾಡ್‌ಗಳನ್ನು ಗುರುತಿಸುವುದು ಅವುಗಳಿಗೆ ಹಚ್ಚಿದ ಲೇಬಲ್ಲಿನಿಂದ, ಆ ಲೇಬಲ್ ಅಕ್ಷರ ಅಕ್ಷರ ಹೊಂದಬೇಕು. ನಿಪ್ಪಾಣಿಯಲ್ಲಿ ಬೆಳೆದವನು ಬೆಳಿಗ್ಗೆ ಪಾಡ್‌ಗೆ ಮರಾಠಿ ಉಚ್ಚಾರದಲ್ಲಿ 'ಕಾರ್ಯಾಲಯ್' ಎಂದು ಲೇಬಲ್ ಹಚ್ಚಿ, ಸಂಜೆ ಸರ್ವಿಸ್‌ನಲ್ಲಿ ಕನ್ನಡದಂತೆ 'ಕಾರ್ಯಾಲಯ' ಎಂದು ಬರೆದಿರುತ್ತಾನೆ. ಎರಡು ಭಾಷೆಯನ್ನು ಒಂದೇ ಉಸಿರಿನಲ್ಲಿ ಆಡುವ ಊರು ಇದಕ್ಕೆ ತಲೆಕೆಡಿಸಿಕೊಳ್ಳುವುದಿಲ್ಲ. ಕುಬರ್ನೆಟೀಸ್ ಕೆಡಿಸಿಕೊಳ್ಳುತ್ತದೆ.

ಒಳಗಿನ ದಾರಿ ಸರಿಹೋದ ಮೇಲೆ ಹೊರಗಿನ ದಾರಿ. ಮನೆಯ ರೌಟರಿನಲ್ಲಿ 80 ಮತ್ತು 443ನ್ನು ದೂಧಗಂಗಾಕ್ಕೆ ತಿರುಗಿಸಿದರೂ ಹೊರಗಿನಿಂದ ಯಾರೂ ಬರಲಾರರು. ಕಾರಣ, ರೌಟರಿಗೆ ಸಿಕ್ಕ ವಿಳಾಸ 100.64ರಿಂದ 100.127ರವರೆಗಿನ ಸಾಲಿನದು. ಸಾರ್ವಜನಿಕ ವಿಳಾಸಗಳು ಸಾಲದೆ, ಒಂದನ್ನೇ ಹಲವು ಮನೆಗಳಿಗೆ ಹಂಚುವ ಇಂಟರ್‌ನೆಟ್ ಕಂಪನಿಗಳಿಗಾಗಿ 2012ರಲ್ಲಿ ತೆಗೆದಿಟ್ಟ ಸಾಲು ಇದು. ಈ ಮನೆಗಳಿಂದ ಹೊರಗೆ ಹೋಗಬಹುದು, ಹೊರಗಿನವರು ತಾವಾಗಿ ಒಳಗೆ ಬರುವಂತಿಲ್ಲ. ಇದಕ್ಕೆ ಉಪಾಯ ಸುರಂಗ: ಕ್ಲಸ್ಟರಿನೊಳಗಿನ ಒಂದು ಪಾಡ್ ತಾನೇ ಹೊರಗಿನ ಸರ್ವರಿಗೆ ಸಂಪರ್ಕ ಹಿಡಿದಿಟ್ಟು, ಬಂದವರನ್ನು ಅದರೊಳಗಿಂದ ಕರೆತರುತ್ತದೆ. ಕಾರ್ಯಾಲಯದ ಎದುರಿಗೇ ನಿಂತು ಒಬ್ಬ ಮೊಬೈಲಿನಲ್ಲಿ ಪುಟ ತೆರೆದರೆ ಬೇಡಿಕೆ ಮುಂಬೈಯಂಥ ದೊಡ್ಡ ಊರಿನ ಡೇಟಾ ಸೆಂಟರಿಗೆ ಹೋಗಿ, ಸುರಂಗ ಹಿಡಿದು ಅಕ್ಕೋಳ ರಸ್ತೆಯ ಮಾಳಿಗೆಗೆ ಬಂದು, ಟ್ರೆಫಿಕ್ ದಾಟಿ, ಸರ್ವಿಸ್ ದಾಟಿ, ಪಾಡ್ ಮುಟ್ಟಿ, ಉತ್ತರ ಹೊತ್ತು ಅದೇ ದಾರಿಯಲ್ಲಿ ಮರಳುತ್ತದೆ. ಉತ್ತರದಲ್ಲಿರುವುದು ಕಾಕಾನ ಫೋನ್ ನಂಬರು. ಅದು ಕಾರ್ಯಾಲಯದ ಕಮಾನಿನ ಮೇಲೂ ಬರೆದಿದೆ.

ಪುಟ ಸುರಕ್ಷಿತವೆಂದು ಬ್ರೌಸರ್ ಒಪ್ಪಲು ಪ್ರಮಾಣಪತ್ರ ಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಪುಕ್ಕಟೆಯಾಗಿ ಕೊಡುವ ಪ್ರಮಾಣಪತ್ರಕ್ಕೆ 90 ದಿನದ ಆಯುಷ್ಯ, ಅದನ್ನು ತಾನಾಗಿ ನವೀಕರಿಸಲು ಸರ್ಟ್-ಮ್ಯಾನೇಜರ್. ಸುರಂಗದ ಕಂಪನಿ ತನ್ನ ತುದಿಯಲ್ಲಿ ಪ್ರಮಾಣಪತ್ರವನ್ನು ಮೊದಲೇ ಹಾಕಿಕೊಟ್ಟಿರುತ್ತದೆ. ಆದರೂ ಕ್ಲಸ್ಟರ್‌ದಾರ ಸರ್ಟ್-ಮ್ಯಾನೇಜರ್ ಹಾಕುತ್ತಾನೆ. ಇದ್ದದ್ದನ್ನು ಇದ್ದಲ್ಲಿಗೆ ಬಿಡುವುದು ಅವನ ಜಾಯಮಾನದಲ್ಲಿಲ್ಲ. ಕೆ3ಎಸ್ ಜೊತೆ ಬಂದ ಸರ್ವಿಸ್‌ಎಲ್‌ಬಿಯನ್ನು ತೆಗೆದು ಅದೇ ಕೆಲಸ ಮಾಡುವ ಮೆಟಲ್‌ಎಲ್‌ಬಿ ಹಾಕುವುದೂ ಇದೇ ಕಾರಣಕ್ಕೆ. ಇಂಗ್ರೆಸ್ ಪಳಗುವಷ್ಟರಲ್ಲಿ ಅದರ ಮುಂದಿನ ಪೀಳಿಗೆಯಾದ ಗೇಟ್‌ವೇ ಎಪಿಐ 2023ರಲ್ಲೇ ಪಕ್ವವಾಗಿದೆ ಎಂದು ತಿಳಿದು ಎಲ್ಲವನ್ನೂ ಮತ್ತೆ ಬರೆಯುತ್ತಾನೆ.

ಹೀಗೆ ದಾರಿ ಸಿದ್ಧವಾದರೂ ಮಂದಿ ಆ ದಾರಿ ಹಿಡಿಯುವುದಿಲ್ಲ. ಮದುವೆಯ ತಾರೀಖು ಹಿಡಿಯುವವರು ಕಾಕಾನ ಮನೆಗೇ ಬರುತ್ತಾರೆ, ಚಹಾ ಕುಡಿಯುತ್ತಾರೆ, ಅಡ್ವಾನ್ಸ್ ಇಟ್ಟು ಹೋಗುತ್ತಾರೆ. ತಾರೀಖುಗಳನ್ನೂ ವೆಬ್‌ಸೈಟಿನಲ್ಲಿ ಹಾಕೋಣವೆಂದು ಕ್ಲಸ್ಟರ್‌ದಾರ ಒತ್ತಾಯಿಸಿದರೆ ಕಾಕಾ ಒಪ್ಪುವುದಿಲ್ಲ. "ಯಾವ ತಾರೀಖ ಖಾಲಿ ಐತಿ ಅನ್ನೂದು ನನ್ನ ಡೈರ್ಯಾಗ ಐತಿ, ತಮ್ಮಾ. ನಿನ್ನ ಡಬ್ಬ್ಯಾಗ ಏನೈತಿ?" ಡಬ್ಬಿಯಲ್ಲಿ ನಾಲ್ಕು ಫೋಟೋ ಇವೆ, ಅವುಗಳ ಎರಡು ಪ್ರತಿ ಎರಡು ಯಂತ್ರಗಳಲ್ಲಿವೆ ಎಂಬ ಉತ್ತರ ಕಾಕಾನ ಮುಂದೆ ನಿಲ್ಲುವುದಿಲ್ಲ.

ಕ್ಲಸ್ಟರ್‌ದಾರನಿಂದ ಊರಿಗೆ ಲಾಭವೇ ಇಲ್ಲ ಎನ್ನುವಂತಿಲ್ಲ. ಎಂಜಿನಿಯರಿಂಗ್ ಓದುವ ಓಣಿಯ ಹುಡುಗರು ಸಂಜೆ ಅವನ ಮಾಳಿಗೆ ಹತ್ತುತ್ತಾರೆ. ಪುಸ್ತಕದಲ್ಲಿ ಬಾಣದ ಗುರುತುಗಳಾಗಿದ್ದ ಜಾಲ ಅಲ್ಲಿ ಕೈಗೆ ಸಿಗುತ್ತದೆ: ಕೇಬಲ್ ಕಿತ್ತರೆ ಯಾವುದು ನಿಲ್ಲುತ್ತದೆ, ಯಾವುದು ನಡೆಯುತ್ತದೆ ಎಂದು ಕಣ್ಣಾರೆ ನೋಡುತ್ತಾರೆ. ಯಜಮಾನ ಯಂತ್ರ ಸತ್ತರೂ ಕೆಲಸದ ಯಂತ್ರಗಳ ಪಾಡ್‌ಗಳು ನಡೆಯುತ್ತಲೇ ಇರುತ್ತವೆ, ಹೊಸ ಆದೇಶ ಮಾತ್ರ ಸಿಗುವುದಿಲ್ಲ ಎಂಬ ಪಾಠಕ್ಕೆ ನಿಪ್ಪಾಣಿಯ ಕರೆಂಟು ಪುಕ್ಕಟೆ ಪ್ರಯೋಗಾಲಯ. ಇದೇ ಮಾಳಿಗೆಯಲ್ಲಿ ಕಲಿತದ್ದನ್ನು ಸಂದರ್ಶನದಲ್ಲಿ ಹೇಳಿ ಪುಣೆಯಲ್ಲಿ ನೌಕರಿ ಹಿಡಿದವರೂ ಇರುತ್ತಾರೆ.

ಈ ತಳಿಯ ಕೊನೆಯ ಅವಸ್ಥೆ ಬರುವುದು ಮದುವೆಯಿಂದ ಇಲ್ಲವೇ ಮೆಮೊರಿ ಕಾರ್ಡಿನಿಂದ. ಕೆ3ಎಸ್ ತನ್ನ ಲೆಕ್ಕವನ್ನೆಲ್ಲ ಇಟ್ಟುಕೊಳ್ಳುವ ಡೇಟಾಬೇಸು ಸದಾ ಬರೆಯುತ್ತಲೇ ಇರುತ್ತದೆ. ದೂಧಗಂಗಾ ಎಂಬ ಹೆಸರು ರಾಸ್ಪ್‌ಬೆರಿ ಪೈಗೆ ಹೋಗಿದ್ದರೆ ಅದರ ಕಾರ್ಡು ಸವೆದು, ಹೇಳದೆ ಕೇಳದೆ ಒಂದು ದಿನ ಕೈಕೊಡುತ್ತದೆ. ಅದು ಕೈಕೊಡುವುದು ಲಗ್ನಸರಾಯಿಯಲ್ಲೇ. ಆಗ ಕಾಕಾನ ಪುಟವನ್ನು ಪುಕ್ಕಟೆ ಪುಟ ಇಡಲು ಬಿಡುವ ಯಾವುದೋ ಕಂಪನಿಯ ಸರ್ವರಿಗೆ ಸಾಗಿಸುತ್ತಾರೆ. ಕೆಲಸ ಹತ್ತು ನಿಮಿಷದ್ದು, ಮಾಡುವವಳು ತಂಗಿ. ಕ್ಲಸ್ಟರ್‌ದಾರ ಹೊಸ ಡಿಸ್ಕ್ ತಂದು ಮೂರು ನದಿಗಳನ್ನೂ ಮತ್ತೆ ಹರಿಸುತ್ತಾನೆ. ಈಗ ಅವಕ್ಕೆ ಇರುವ ಕೆಲಸ ಒಂದೇ: ಕಾರ್ಯಾಲಯದ ಪುಟ ಬೇರೆ ಕಡೆ ಸರಿಯಾಗಿ ನಡೆಯುತ್ತಿದೆಯೇ ಎಂದು ಅರ್ಧ ನಿಮಿಷಕ್ಕೊಮ್ಮೆ ತೆರೆದು ನೋಡುವುದು. ಆ ಪುಟಕ್ಕೆ ಬರುವವರಲ್ಲಿ ಹೆಚ್ಚಿನ ಪಾಲು ಈ ಮೂರು ನದಿಗಳದೇ.